ಹೊನ್ನಾವರದ ತಿಮ್ಮೋಜ: ಕುದುರೆಯ ವ್ಯಾಪಾರ ಮತ್ತು ಗೋವೆಯ ಪತನ

ಬಿಜಾಪುರದಿಂದ ಗೋವೆಯ ಕಡೆಗೆ ಇಳಿಯುವ ವ್ಯಾಪಾರದ ದಾರಿಯಲ್ಲಿ ಅಥಣಿ ಒಂದು ಮುಖ್ಯ ಪೇಟೆಯಾಗಿತ್ತು. 17ನೆಯ ಶತಮಾನದ ಯುರೋಪಿನ ಪ್ರವಾಸಕಥನಗಳಲ್ಲಿ, ವಿಶೇಷವಾಗಿ ಜರ್ಮನಿಯ ಮಂಡೆಲ್ಸ್ಲೋನ ಹೆಸರಿನಲ್ಲಿ ಪ್ರಚಾರಕ್ಕೆ ಬಂದ ಕಥನದಲ್ಲಿ, ಈ ಊರು ಕಾಣಿಸಿಕೊಳ್ಳುವುದು ಆ ಕಾರಣಕ್ಕಾಗಿಯೇ. ಕೃಷ್ಣೆಯ ದಂಡೆಗೆ ಹತ್ತಿರವಿರುವ ಅಥಣಿ, ರಾಯಬಾಗ, ಚಿಕ್ಕೋಡಿಗಳ ಬಯಲುಸೀಮೆಗೆ ಕಡಲು ಕಾಣದು. ಆದರೆ ಕಡಲಿನ ಸರಕು ಕಾಣದೆ ಇರಲಿಲ್ಲ. ಘಟ್ಟದ ಕೆಳಗಿನ ಗೋವೆಯೇ ಈ ಸೀಮೆಯ ದೊಡ್ಡ ರೇವು. ಅರಬ್ಬೀ ದೇಶದ ಕುದುರೆ, ಹೊರನಾಡಿನ ಜವಳಿ, ಲೋಹಗಳು ಅಲ್ಲಿ ಇಳಿದು ಘಟ್ಟ ಹತ್ತುತ್ತಿದ್ದವು. 1510ರಲ್ಲಿ ಆ ಬಾಗಿಲು ಆದಿಲಶಾಹಿಯ ಕೈತಪ್ಪಿ ಪೋರ್ಚುಗೀಸರ ವಶವಾಯಿತು. ಅದನ್ನು ತೆರೆದುಕೊಟ್ಟವರಲ್ಲಿ ಮೊದಲಿಗನು ಹೊನ್ನಾವರದ ತಿಮ್ಮೋಜ.

ಕರ್ನಾಟಕದ ಚರಿತ್ರೆಯ ಗ್ರಂಥಗಳಲ್ಲಿ ತಿಮ್ಮೋಜನಿಗೆ ಸಾಮಾನ್ಯವಾಗಿ ಒಂದೆರಡು ವಾಕ್ಯಗಳಷ್ಟೇ ಸಲ್ಲುತ್ತವೆ. ಆ ವಾಕ್ಯಗಳು ಕೂಡ ಎರಡು ತೀರ್ಪುಗಳ ನಡುವೆ ತೂಗಾಡುತ್ತವೆ. ಪರದೇಶದವರಿಗೆ ನಾಡಿನ ಬಾಗಿಲು ತೆರೆದ ದ್ರೋಹಿ ಎಂಬುದು ಒಂದು. ಸುಲ್ತಾನರ ಹಿಡಿತದಿಂದ ಗೋವೆಯನ್ನು ಬಿಡಿಸಹೊರಟ ವೀರ ಎಂಬುದು ಇನ್ನೊಂದು. ಈ ಎರಡೂ ತೀರ್ಪುಗಳು ರಾಷ್ಟ್ರ ಎಂಬ ಕಲ್ಪನೆ ರೂಪುಗೊಂಡ ಮೇಲಿನ ಕಾಲಕ್ಕೆ ಸೇರಿದವು. ತಿಮ್ಮೋಜನ ಕಾಲದ ಜಗಳ ಬೇರೆಯದು. ಅದು ಕುದುರೆಯ ಹಡಗು ಯಾವ ರೇವಿನಲ್ಲಿ ಲಂಗರು ಹಾಕಬೇಕು ಎಂಬ ಜಗಳ. ಅವನ ಬದುಕಿನ ಒಂದೊಂದು ನಡೆಯನ್ನೂ ಆ ಜಗಳದ ಪಕ್ಕದಲ್ಲಿಟ್ಟು ನೋಡಿದಾಗ ಮಾತ್ರ ಅದಕ್ಕೊಂದು ತರ್ಕ ದೊರೆಯುತ್ತದೆ.

ಅವನ ಬಗೆಗಿನ ವಿವರಗಳು ಬಹುಮಟ್ಟಿಗೆ ಪೋರ್ಚುಗೀಸ್ ಬರಹಗಳಿಂದ ಬಂದವು. ದುಆರ್ತೆ ಬಾರ್ಬೋಸನ ದೇಶವರ್ಣನೆ, ಕಾಸ್ತಾನ್ಹೆಡ, ಬಾರೋಸ್ ಮತ್ತು ಗಾಸ್ಪರ್ ಕೊರೈಯರ ಚರಿತ್ರೆಗಳು, ಅಲ್ಬುಕರ್ಕನ ಮಗ ಬ್ರಾಸ್ ತನ್ನ ತಂದೆಯ ಕಾಗದಪತ್ರಗಳನ್ನು ಆಧರಿಸಿ 1557ರಲ್ಲಿ ಪ್ರಕಟಿಸಿದ ಗ್ರಂಥ ಇವುಗಳಲ್ಲಿ ಮುಖ್ಯವಾದವು. ಇವರೆಲ್ಲರಿಗೂ ತಿಮ್ಮೋಜನು ಕೆಲಸಕ್ಕೆ ಬಂದಾಗ ಮಿತ್ರ, ಬಾರದಿದ್ದಾಗ ನಂಬಲಾಗದವನು. ಆದ್ದರಿಂದ ಅವನ ಗುಣಸ್ವಭಾವಗಳ ಬಗೆಗೆ ಈ ಬರಹಗಳು ಹೇಳುವುದಕ್ಕಿಂತ ಅವನ ಓಡಾಟ, ಕೊಡುಕೊಳೆಗಳ ಬಗೆಗೆ ಹೇಳುವುದೇ ಹೆಚ್ಚು ವಿಶ್ವಾಸಾರ್ಹ.

ಹೆಸರಿನ ವಿಷಯವೂ ವಿಚಾರಾರ್ಹವಾಗಿದೆ. ಪೋರ್ಚುಗೀಸ್ ಬರಹಗಳ ರೂಪವನ್ನು ಕನ್ನಡದಲ್ಲಿ ತಿಮ್ಮೋಜ ಎಂದು ಓದುವುದು ರೂಢಿಯಾಗಿದೆ. ದಾಸೋಜ ಮೊದಲಾದ ಶಿಲ್ಪಿಗಳ ಹೆಸರುಗಳಲ್ಲಿ ಬರುವ ಓಜ ಎಂಬ ಉತ್ತರಪದ ಇದಕ್ಕೆ ಬೆಂಬಲವಾಗಿ ಕಾಣಬಹುದು. ಆದರೆ 16ನೆಯ ಶತಮಾನದ ಪೋರ್ಚುಗೀಸ್ ಬರವಣಿಗೆಯಲ್ಲಿ ಇಕಾರವನ್ನೂ ಜಕಾರವನ್ನೂ ಸೂಚಿಸುವ ಅಕ್ಷರಗಳು ಒಂದರ ಬದಲು ಇನ್ನೊಂದು ಬರುತ್ತಿದ್ದವು. ಅದೇ ಹೆಸರು ತಿಮೋಯ ಎಂದೂ ಕಾಣಿಸುತ್ತದೆ. ಹೀಗಾಗಿ ಮೂಲರೂಪ ತಿಮ್ಮಯ್ಯ ಎಂದಿರುವ ಸಾಧ್ಯತೆಯೇ ಹೆಚ್ಚು. ಓಜ ಎಂಬುದನ್ನು ಹಿಡಿದು ಅವನ ಕುಲವನ್ನು ನಿರ್ಧರಿಸಹೊರಡುವುದು ಸರಿಯಲ್ಲ. ಇಲ್ಲಿ ರೂಢಿಯ ರೂಪವನ್ನೇ ಉಳಿಸಿಕೊಳ್ಳಲಾಗಿದೆ.

ದಖ್ಖನಿನ ಹವೆಯಲ್ಲಿ, ಇಲ್ಲಿನ ಮೇವಿನಲ್ಲಿ ಯುದ್ಧಕ್ಕೆ ಒದಗುವ ಒಳ್ಳೆಯ ಕುದುರೆಗಳ ತಳಿ ನಿಲ್ಲುತ್ತಿರಲಿಲ್ಲ. ಬಹಮನಿ, ವಿಜಯನಗರ ಎರಡೂ ರಾಜ್ಯಗಳು ಅಶ್ವಬಲಕ್ಕಾಗಿ ಹೊರ್ಮುಜ್ ಮತ್ತು ಅರಬ್ಬೀ ರೇವುಗಳನ್ನೇ ಕಾಯಬೇಕಾಗಿತ್ತು. ಸಾಳುವ ನರಸಿಂಹನು ಸಾವಿರ ವರಹಕ್ಕೆ ಮೂರರಂತೆ ಕುದುರೆಗಳನ್ನು ಕೊಳ್ಳುತ್ತಿದ್ದನೆಂದೂ, ದಾರಿಯಲ್ಲಿ ಸತ್ತ ಕುದುರೆಯ ಬಾಲವನ್ನು ತಂದು ತೋರಿಸಿದರೂ ಬೆಲೆ ಕೊಡುತ್ತಿದ್ದನೆಂದೂ ನ್ಯೂನಿಜ್ ಬರೆದಿದ್ದಾನೆ. ಕೃಷ್ಣದೇವರಾಯನು ವರ್ಷಕ್ಕೆ 13,000 ಹೊರ್ಮುಜ್ ಕುದುರೆಗಳನ್ನು ಕೊಳ್ಳುತ್ತಿದ್ದನೆಂಬುದೂ ಅವನದೇ ಲೆಕ್ಕ. ಸಂಖ್ಯೆಯಲ್ಲಿ ಉತ್ಪ್ರೇಕ್ಷೆಯಿರಬಹುದು, ಅಗತ್ಯದಲ್ಲಿ ಇಲ್ಲ. ಕುದುರೆಯ ರೇವು ಯಾರ ಕೈಯಲ್ಲಿದೆಯೋ ಅವರ ಕೈಯಲ್ಲಿ ಒಳನಾಡಿನ ಯುದ್ಧದ ಜುಟ್ಟು ಇದ್ದಿತು.

1472ರಲ್ಲಿ ಬಹಮನಿ ಮಂತ್ರಿ ಮಹಮೂದ್ ಗವಾನನು ಗೋವೆಯನ್ನು ವಿಜಯನಗರದಿಂದ ಕಸಿದುಕೊಂಡನು. ಅದರ ಬೆನ್ನಿಗೇ ಬೆಳಗಾವಿಯೂ ಬಹಮನಿಗಳದಾಯಿತು. ರೇವು, ಘಟ್ಟದ ದಾರಿ, ಮೇಲಿನ ಬಯಲು ಈ ಮೂರೂ ಒಂದೇ ಅಧಿಕಾರಕ್ಕೆ ಸೇರಿದವು. ಅಥಣಿಯಂತಹ ಪೇಟೆಗಳ ಏಳಿಗೆಗೆ ಈ ಜೋಡಣೆ ಅನುಕೂಲವಾಗಿದ್ದಿರಬೇಕು. ವಿಜಯನಗರಕ್ಕೆ ಉಳಿದದ್ದು ಭಟ್ಕಳ, ಹೊನ್ನಾವರ, ಮಿರ್ಜಾನ, ಅಂಕೋಲೆಗಳ ರೇವುಗಳು. ಅಲ್ಲಿನ ಮುಸ್ಲಿಂ ವರ್ತಕರು ಬಹಮನಿಗಳಿಗೆ ಕುದುರೆ ಮಾರಿದರೆಂಬ ಕಾರಣಕ್ಕೆ 1479ರಲ್ಲಿ ಅವರ ಮೇಲೆ ದೊಡ್ಡ ಹತ್ಯಾಕಾಂಡ ನಡೆಯಿತೆಂದೂ, ಉಳಿದವರು ಗೋವೆಗೆ ಹೋಗಿ ನೆಲೆಸಿ ಅದನ್ನು ಇನ್ನಷ್ಟು ಸಮೃದ್ಧಗೊಳಿಸಿದರೆಂದೂ ಬಾರೋಸ್ ತಿಳಿಸುತ್ತಾನೆ. ಹೊನ್ನಾವರ ಮತ್ತು ಗೋವೆಗಳ ನಡುವಣ ಹಗೆಗೆ ಈ ಘಟನೆ ರಕ್ತದ ಬಣ್ಣ ಕೊಟ್ಟಿತು. 1490ರ ಸುಮಾರಿಗೆ ಬಹಮನಿ ರಾಜ್ಯ ಒಡೆದು ಗೋವೆ ಯೂಸುಫ್ ಆದಿಲ್‌ಖಾನನ ಪಾಲಿಗೆ ಬಂದರೂ ಸ್ಪರ್ಧೆ ನಿಲ್ಲಲಿಲ್ಲ.

ತಿಮ್ಮೋಜನ ಉದ್ಯೋಗ ಹುಟ್ಟಿದ್ದು ಈ ಸ್ಪರ್ಧೆಯಿಂದ. ಹೊನ್ನಾವರದಲ್ಲಿ ಇಬ್ಬರು ಹಿಂದೂ ಕಡಲನಾಯಕರಿದ್ದರೆಂದೂ, ಅವರಲ್ಲೊಬ್ಬನು ತಿಮ್ಮೋಜನೆಂದೂ, ಒಬ್ಬೊಬ್ಬರ ಬಳಿ ಐದಾರು ದೊಡ್ಡ ಹಡಗುಗಳೂ ಆಯುಧ ಹಿಡಿದ ಆಳುಗಳೂ ಇದ್ದರೆಂದೂ ಬಾರ್ಬೋಸನು ಹೇಳುತ್ತಾನೆ. ಮಲಬಾರಿನವುಗಳನ್ನುಳಿದು ಸಿಕ್ಕ ಹಡಗುಗಳನ್ನೆಲ್ಲ ಅವರು ಹಿಡಿಯುತ್ತಿದ್ದರು. ಅದರ ಪಾಲು ನಾಡಿನ ಒಡೆಯನಿಗೆ ಸಲ್ಲುತ್ತಿತ್ತು. ಒಡೆಯನೆಂದರೆ ವಿಜಯನಗರದ ಅಧೀನದಲ್ಲಿದ್ದ ನಗಿರೆಯ, ಅಂದರೆ ಗೇರುಸೊಪ್ಪೆಯ ಅರಸ. ಮಲಬಾರಿನ ಹಡಗುಗಳಿಗೆ ವಿನಾಯಿತಿ ಏಕೆಂಬುದಕ್ಕೆ ಅದೇ ಬಾರ್ಬೋಸನ ಬರಹದಲ್ಲಿ ಉತ್ತರವಿದೆ. ಅವು ತೆಂಗಿನಕಾಯಿ, ಎಣ್ಣೆ, ಬೆಲ್ಲಗಳನ್ನು ತಂದು ಶರಾವತಿಯ ದಡದ ಅಗ್ಗದ ಅಕ್ಕಿಯನ್ನು ಒಯ್ಯುತ್ತಿದ್ದವು. ಕೊಳ್ಳುವ ಗಿರಾಕಿಯನ್ನು ಯಾರೂ ಸುಲಿಯುವುದಿಲ್ಲ. ಹಿಡಿಯಬೇಕಾದವು ಗೋವೆಗೆ ಹೋಗುವ ಹಡಗುಗಳು. ಪೋರ್ಚುಗೀಸರು ಇದನ್ನು ಕಡಲ್ಗಳ್ಳತನವೆಂದು ಕರೆದರು. ಆದರೆ ಅರಸನ ಒಪ್ಪಿಗೆಯಿಂದ, ಅರಸನಿಗೆ ಪಾಲು ಕೊಟ್ಟು, ಎದುರಾಳಿಯ ರೇವಿಗೆ ಸರಕು ಸೇರದಂತೆ ತಡೆಯುವ ಕೆಲಸವನ್ನು ಸುಂಕದ ಕಟ್ಟೆಯೊಂದರ ಕಡಲಿನ ರೂಪವೆನ್ನುವುದೇ ಸರಿ. ಪರವಾನಗಿ ಪತ್ರ ಪಡೆಯದ ಹಡಗುಗಳನ್ನು ಹಿಡಿದು ಸುಡುವ ಪದ್ಧತಿಯನ್ನು ಇದೇ ಕಡಲಿನಲ್ಲಿ ಜಾರಿಗೆ ತಂದ ಪೋರ್ಚುಗೀಸರು ಆ ಪದವನ್ನು ಇನ್ನೊಬ್ಬರಿಗೆ ಅಂಟಿಸಿದ್ದು ವಿಚಿತ್ರವೇ ಸರಿ.

ಇಂತಹ ಕಡಲಿಗೆ ಪೋರ್ಚುಗೀಸರು ಏಕೆ ಬಂದರು ಎಂಬ ಪ್ರಶ್ನೆಗೆ 1453ರ ಕಾನ್‌ಸ್ಟಾಂಟಿನೋಪಲ್ ಪತನವೇ ಉತ್ತರವೆಂದು ಶಾಲೆಯ ಪಠ್ಯಗಳು ಬಹುಕಾಲ ಹೇಳಿಕೊಂಡು ಬಂದಿವೆ. ಇದು ಅರ್ಧ ಉತ್ತರವೂ ಅಲ್ಲ. ಯುರೋಪಿಗೆ ಮೆಣಸು ಹೋಗುತ್ತಿದ್ದ ಮುಖ್ಯದಾರಿ ಕೆಂಪು ಸಮುದ್ರ, ಕೈರೋ, ಅಲೆಕ್ಸಾಂಡ್ರಿಯಗಳ ಮೂಲಕ ವೆನಿಸ್ಸಿಗೆ ತಲಪುತ್ತಿತ್ತು. ಈಜಿಪ್ಟು ತುರ್ಕರ ಕೈಸೇರಿದ್ದು 1517ರಲ್ಲಿ; ಅಷ್ಟರಲ್ಲಿ ಗಾಮಾ ಬಂದು ಸುಮಾರು ಎರಡು ದಶಕಗಳಾಗಿದ್ದವು. ಪೋರ್ಚುಗೀಸರ ಕಡಲ ಪಯಣ ಆರಂಭವಾದದ್ದು 1415ರಲ್ಲಿ ಉತ್ತರ ಆಫ್ರಿಕದ ಸೆಉಟಾ ನಗರವನ್ನು ಹಿಡಿದಾಗ. ಆಫ್ರಿಕದ ಚಿನ್ನ, ಗುಲಾಮರ ವ್ಯಾಪಾರ, ಇಸ್ಲಾಮಿನ ವಿರುದ್ಧದ ಧರ್ಮಯುದ್ಧದ ಹಂಬಲ, ಭೂಮಿ ಸಾಲದ ಚಿಕ್ಕ ರಾಜ್ಯವೊಂದರ ಸರದಾರರ ಆಸೆ, ವೆನಿಸ್ಸಿನ ಲಾಭದ ಮೇಲಿನ ಹೊಟ್ಟೆಕಿಚ್ಚು ಇವೆಲ್ಲ ಒಂದರ ಮೇಲೊಂದು ಕೂಡಿಕೊಂಡವು. 1488ರಲ್ಲಿ ಬಾರ್ತೊಲೊಮೆಯು ಡಯಾಸನು ಆಫ್ರಿಕದ ದಕ್ಷಿಣ ತುದಿಯನ್ನು ಸುತ್ತಿದನು. 1494ರ ತೊರ್ದೆಸಿಲ್ಯಾಸ್ ಒಪ್ಪಂದದಲ್ಲಿ ಸ್ಪೇನ್ ಮತ್ತು ಪೋರ್ಚುಗಲ್ಲುಗಳು ತಾವು ಕಾಣದ ಲೋಕವನ್ನು ಗೆರೆ ಎಳೆದು ಹಂಚಿಕೊಂಡವು. ಹೊನ್ನಾವರದ ನಾವಿಕರಿಗೆ ಈ ಗೆರೆಯ ಸುಳಿವೂ ಇರಲಿಲ್ಲ. ಅವರ ಕಣ್ಣಿಗೆ ಬಂದವರು ಅರಬರಂತೆ, ಗುಜರಾತಿಗಳಂತೆ ಇನ್ನೊಂದು ಬಗೆಯ ಹಡಗಿನವರು. ಹಡಗಿನಲ್ಲಿ ಫಿರಂಗಿ ಇದ್ದುದಷ್ಟೇ ವ್ಯತ್ಯಾಸ.

1498ರ ಮೇ ತಿಂಗಳಲ್ಲಿ ಕಲ್ಲಿಕೋಟೆಗೆ ಬಂದ ವಾಸ್ಕೋ ಡ ಗಾಮಾ ಹಿಂದಿರುಗುವಾಗ ಕಾರವಾರದ ಬಳಿಯ ಅಂಜದೀವ ದ್ವೀಪದಲ್ಲಿ ತಂಗಿದನು. ಅಲ್ಲಿ ಎಂಟು ದೋಣಿಗಳು ಎದುರಾದವೆಂದೂ, ಅವು ತಿಮ್ಮೋಜನವೆಂದೂ, ದೋಣಿಗಳನ್ನು ಒಂದಕ್ಕೊಂದು ಕಟ್ಟಿ ಸೊಪ್ಪುಸದೆ ಹೊದಿಸಿ ತೇಲುವ ನಡುಗಡ್ಡೆಯಂತೆ ಕಾಣಿಸಲು ಯತ್ನಿಸಲಾಯಿತೆಂದೂ ಪೋರ್ಚುಗೀಸ್ ಚರಿತ್ರಕಾರರು ಬರೆದಿದ್ದಾರೆ. ಸೊಪ್ಪಿನ ಕತೆ ಅನಂತರ ಬೆಳೆದ ಅಲಂಕಾರವಾಗಿರಬಹುದು. ಗಾಮಾನ ಫಿರಂಗಿಗಳ ಮುಂದೆ ಆ ದೋಣಿಗಳು ಚದುರಿದ್ದು ಮಾತ್ರ ನಿಜ. 1502ರಲ್ಲಿ ಎರಡನೆಯ ಸಲ ಬಂದಾಗ ಗಾಮಾ ಈ ಕರಾವಳಿಯ ಮೇಲೆ ಬಿದ್ದನು. ಹೊನ್ನಾವರದ ಹಡಗುಗಳಿಗೆ ಬೆಂಕಿಯಿಡಲಾಯಿತು, ಭಟ್ಕಳ ವರ್ಷ ವರ್ಷವೂ ಅಕ್ಕಿಯ ಕಪ್ಪ ಕೊಡಲು ಒಪ್ಪಬೇಕಾಯಿತು. 1505ರಲ್ಲಿ ಮೊದಲ ವೈಸರಾಯ್ ಫ್ರಾನ್ಸಿಸ್ಕೊ ದ ಅಲ್ಮೇಡಾ ಅಂಜದೀವದಲ್ಲಿ ಕೋಟೆ ಕಟ್ಟಿಸಿ, ಅಕ್ಟೋಬರಿನಲ್ಲಿ ಹೊನ್ನಾವರವನ್ನು ಮುತ್ತಿ ಮತ್ತೊಮ್ಮೆ ಹಡಗುಗಳನ್ನು ಸುಟ್ಟನು. ಏಳು ವರ್ಷಗಳಲ್ಲಿ ಇದು ಮೂರನೆಯ ಪೆಟ್ಟು. ತಿಮ್ಮೋಜನು ಸಂಧಿಗೆ ಬಂದದ್ದು ಆಗಲೇ.

ಈ ಸಂಧಿಯನ್ನು ಶರಣಾಗತಿ ಎಂದಷ್ಟೇ ಓದುವುದು ತಪ್ಪಾಗುತ್ತದೆ. ಹೊಸಬರನ್ನು ಎದುರಿಸಲಾರೆ ಎಂಬುದು ಅವನಿಗೆ ಖಚಿತವಾಗಿತ್ತು. ಅವರಿಗೂ ಗೋವೆಯ, ಗುಜರಾತಿನ, ಕೆಂಪು ಸಮುದ್ರದ ಮುಸ್ಲಿಂ ವರ್ತಕರೇ ಎದುರಾಳಿಗಳು ಎಂಬುದೂ ಅಷ್ಟೇ ಖಚಿತವಾಗಿ ಕಾಣುತ್ತಿತ್ತು. ಸುಡಿಸಿಕೊಳ್ಳುವುದಕ್ಕಿಂತ ಅವರ ಬೆಂಕಿಯನ್ನು ಗೋವೆಯತ್ತ ತಿರುಗಿಸುವುದು ಲೇಸಲ್ಲವೆ? ಮುಂದಿನ ನಾಲ್ಕೈದು ವರ್ಷ ಅವನು ಪೋರ್ಚುಗೀಸ್ ನೌಕಾಪಡೆಗೆ ಆಹಾರ ಒದಗಿಸುವವನಾಗಿ, ಸುದ್ದಿ ತಿಳಿಸುವವನಾಗಿ ಉಳಿದನು. ಕರಾವಳಿಯ ಸುದ್ದಿ ಅವನಿಗೆ ತಿಳಿದಷ್ಟು ಬೇಗ ಇನ್ನಾರಿಗೂ ತಿಳಿಯುತ್ತಿರಲಿಲ್ಲ. ಆ ಸುದ್ದಿಯೇ ಅವನ ಬಂಡವಾಳವಾಯಿತು.

ಆ ಬಂಡವಾಳವನ್ನು ಅವನು ಹೂಡಿದ್ದು 1510ರ ಫೆಬ್ರುವರಿಯಲ್ಲಿ. ಅಲ್ಮೇಡಾನ ಜಾಗಕ್ಕೆ ಬಂದಿದ್ದ ಅಫೋನ್ಸೊ ದ ಅಲ್ಬುಕರ್ಕನು ಜನವರಿಯಲ್ಲಿ ಕಲ್ಲಿಕೋಟೆಯ ಮೇಲೆ ಏರಿಹೋಗಿ ಸೋತು, ಗಾಯಗೊಂಡು ಹಿಂದಿರುಗಿದ್ದನು. ಲಿಸ್ಬನ್ನಿನಿಂದ ಬಂದಿದ್ದ ದಂಡನಾಯಕ ಕೌಟಿನ್ಹೊ ಅಲ್ಲಿಯೇ ಸತ್ತಿದ್ದನು. ಆ ಸೋಲನ್ನು ಮರೆಸುವ ಗೆಲುವೊಂದು ಅಲ್ಬುಕರ್ಕನಿಗೆ ಬೇಕಾಗಿತ್ತು. ಇಪ್ಪತ್ತಕ್ಕೂ ಹೆಚ್ಚು ಹಡಗುಗಳೊಡನೆ ಕೆಂಪು ಸಮುದ್ರದ ಕಡೆಗೆಂದು ಹೊರಟ ಅವನನ್ನು ತಿಮ್ಮೋಜನು ಹೊನ್ನಾವರ, ಮಿರ್ಜಾನಗಳ ಕರಾವಳಿಯಲ್ಲಿ ಕಂಡು ನಾಲ್ಕು ಸುದ್ದಿಗಳನ್ನಿಟ್ಟನು. ಯೂಸುಫನು ತೀರಿಕೊಂಡಿದ್ದಾನೆ, ಮಗ ಇಸ್ಮಾಯಿಲನು ಇನ್ನೂ ಚಿಕ್ಕವನು. ಗೋವೆಯ ಕಾವಲು ತೆಳುವಾಗಿದೆ. 1509ರ ದೀವ್ ಕದನದಲ್ಲಿ ಸೋತುಳಿದ ಈಜಿಪ್ಟಿನ ಪಡೆಯವರು ಅಲ್ಲಿ ಸೇರಿಕೊಂಡು ಹೊಸ ಹಡಗು ಕಟ್ಟುತ್ತಿದ್ದಾರೆ. ತೆರಿಗೆಯ ಭಾರಕ್ಕೆ ಬೇಸತ್ತ ಹಿಂದೂ ಪ್ರಜೆಗಳು ಎದುರು ನಿಲ್ಲುವುದಿಲ್ಲ. ಯೂಸುಫನ ಮರಣದ ಕಾಲದ ವಿಷಯದಲ್ಲಿ ಪರ್ಷಿಯನ್ ಮತ್ತು ಪೋರ್ಚುಗೀಸ್ ಆಕರಗಳು ಒಮ್ಮತಕ್ಕೆ ಬರುವುದಿಲ್ಲ. ಮೊದಲ ಸುದ್ದಿ ಅವಸರದ್ದಾಗಿದ್ದಿರಬಹುದು. ಅದು ಏನೇ ಇರಲಿ, ಕೆಂಪು ಸಮುದ್ರಕ್ಕೆ ಹೊರಟ ಪಡೆ ಗೋವೆಯತ್ತ ತಿರುಗಿತು. ಲಿಸ್ಬನ್ನಿನಲ್ಲಿ ಯಾರೂ ಹಾಕದ ಯೋಜನೆಯೊಂದು ಹೊನ್ನಾವರದಲ್ಲಿ ರೂಪುಗೊಂಡಿತು. ಯುರೋಪಿನ ಕಡಲಯಾನದ ಚರಿತ್ರೆಯನ್ನು ಯುರೋಪಿನ ಇಚ್ಛೆಯ ಚರಿತ್ರೆಯಾಗಿ ಮಾತ್ರ ಬರೆಯುವವರು ಈ ತಿರುವನ್ನು ಲಘುವಾಗಿ ದಾಟಿಬಿಡುತ್ತಾರೆ.

ತಿಮ್ಮೋಜನ ಜನ ಕಾಳಿ ನದಿಯ ಮುಖದ ಚಿತ್ತಾಕುಲದ ಕೋಟೆಯನ್ನು ಮೊದಲು ಹೊಡೆದರು. ಮಾಂಡೋವಿಯ ಬಾಯಲ್ಲಿದ್ದ ಪಣಜಿಯ ಕಾವಲುಕೋಟೆ ಬಿದ್ದ ಮೇಲೆ ಗೋವೆಯ ಮುಖಂಡರು ತಾವಾಗಿಯೇ ಮಾತುಕತೆಗೆ ಬಂದರು. ಫೆಬ್ರುವರಿ 17ರಂದು ಕೈಸೇರಿದ ನಗರದಲ್ಲಿ ಹೇಳಿಕೊಳ್ಳುವಂತಹ ರಕ್ತಪಾತ ನಡೆಯಲಿಲ್ಲ. ಲೂಟಿಯನ್ನು ನಿಷೇಧಿಸಲಾಯಿತು, ಧರ್ಮಾಚರಣೆಗೆ ಅಡ್ಡಿ ಮಾಡುವುದಿಲ್ಲವೆಂಬ ಮಾತು ಕೊಡಲಾಯಿತು, ತೆರಿಗೆ ಇಳಿಸುವ ಆಶ್ವಾಸನೆಯೂ ಸಿಕ್ಕಿತು. ಈ ಕರಾರುಗಳಲ್ಲಿ ತಿಮ್ಮೋಜನ ಕೈವಾಡ ಸ್ಪಷ್ಟವಾಗಿದೆ. ರೇವನ್ನು ಹಾಳುಗೆಡಹಿದರೆ ಅದರಿಂದ ಬರುವ ಸುಂಕವೂ ಹಾಳು ಎಂಬುದನ್ನು ಅವನು ಚೆನ್ನಾಗಿ ಬಲ್ಲವನಾಗಿದ್ದನು.

ಅವನ ನಿರೀಕ್ಷೆ ಏನಿತ್ತೆಂಬುದು ಇದಾದ ಕೆಲವೇ ದಿನಗಳಲ್ಲಿ ಹೊರಬಿದ್ದಿತು. ಗೋವೆಯನ್ನು ತನಗೆ ಬಿಟ್ಟುಕೊಡಬೇಕು, ತಾನು ಪೋರ್ಚುಗಲ್ಲಿನ ದೊರೆಗೆ ವರ್ಷಕ್ಕೆ ಇಂತಿಷ್ಟೆಂದು ಕಪ್ಪ ಸಲ್ಲಿಸುತ್ತೇನೆ ಎಂಬುದು ಅವನ ಬೇಡಿಕೆ. ಕರಾವಳಿಯ ರಾಜಕಾರಣದಲ್ಲಿ ಇದರಲ್ಲಿ ಅಸಹಜವಾದುದೇನೂ ಇರಲಿಲ್ಲ. ನಗಿರೆಯ ಅರಸನು ವಿಜಯನಗರಕ್ಕೆ, ತಿಮ್ಮೋಜನು ನಗಿರೆಗೆ ಹೀಗೆಯೇ ನಡೆದುಕೊಂಡು ಬಂದಿದ್ದರು. ಅಧಿಕಾರವೆಂದರೆ ಮೇಲಿನವನಿಗೆ ಪಾಲು ಕೊಟ್ಟು ಕೆಳಗಿನದನ್ನು ಅನುಭವಿಸುವುದು ಎಂಬ ಕಲ್ಪನೆ ಅದು. ಕಡಲಿನಿಂದ ಬಂದವರು ಮಳೆಗಾಲಕ್ಕೆ ಮುಂಚೆ ಕಡಲಿಗೇ ಹೋಗುತ್ತಾರೆ ಎಂಬ ನೂರಾರು ವರ್ಷಗಳ ಅನುಭವವೂ ಅದರ ಹಿಂದಿತ್ತು. ಅಲ್ಬುಕರ್ಕನು ಒಪ್ಪಲಿಲ್ಲ. ಅವನಿಗೆ ಬೇಕಾದದ್ದು ಕಪ್ಪ ಕೊಡುವ ಮಿತ್ರನಲ್ಲ, ಹಡಗು ದುರಸ್ತಿ ಮಾಡುವ, ಸೈನಿಕರು ಮದುವೆಯಾಗಿ ನೆಲೆಸುವ, ಲಿಸ್ಬನ್ನಿನ ಹೆಸರಿನಲ್ಲಿ ಸುಂಕ ಎತ್ತುವ ಊರು. ಇಲ್ಲಿನ ಎರಡು ಅಧಿಕಾರ ಕಲ್ಪನೆಗಳ ನಡುವಣ ಅಂತರ ತಿಮ್ಮೋಜನಿಗೆ ಅರ್ಥವಾದಾಗ ತಡವಾಗಿತ್ತು. ಅವನನ್ನು ಮುಖ್ಯ ಥಾಣೇದಾರನನ್ನಾಗಿ ನೇಮಿಸಿ, ಗೋವೆಯ ಭೂಮಿಗಳ ಕಂದಾಯವನ್ನು ಗುತ್ತಿಗೆಗೆ ಕೊಟ್ಟು, ಸ್ಥಳೀಯ ಆಳುಗಳ ಪಡೆಯ ನಾಯಕತ್ವ ವಹಿಸಲಾಯಿತು. ಚಲಾವಣೆಗೆ ನಾಣ್ಯವಿಲ್ಲವೆಂದು ಅವನೂ ಊರಿನ ಪ್ರಮುಖರೂ ಕೇಳಿಕೊಂಡ ಮೇಲೆ ಮಾರ್ಚ್ ತಿಂಗಳಲ್ಲಿ ಟಂಕಸಾಲೆ ತೆರೆಯಿತು. ಹೊಸ ನಾಣ್ಯದ ಮೇಲೆ ಶಿಲುಬೆಯೂ ದೊರೆ ಮನುಯೆಲನ ಲಾಂಛನವಾದ ಗೋಳವೂ ಇದ್ದವು.

ಮೇ ತಿಂಗಳಲ್ಲಿ ಆದಿಲಶಾಹಿಯ ಪಡೆ ಘಟ್ಟ ಇಳಿಯಿತು. ದ್ವೀಪವನ್ನು ಉಳಿಸಿಕೊಳ್ಳಲಾಗದೆ ಪೋರ್ಚುಗೀಸರು ತಿಂಗಳ ಕೊನೆಗೆ ಹಡಗು ಹತ್ತಿದರು. ಆದರೆ ಮಳೆಗಾಲದ ಕಡಲು ಹೊರಗೆ ಬಿಡದು. ಆಗಸ್ಟ್ ನಡುವಿನವರೆಗೆ ಅವರು ಮಾಂಡೋವಿಯ ನೀರಿನ ಮೇಲೆಯೇ ಹಸಿವು, ರೋಗ, ದಡದ ಗುಂಡುಗಳ ನಡುವೆ ಕಾಲ ಕಳೆದರು. ಹೊರಬಂದ ಮೇಲೆ ಹೊಸ ಹಡಗುಗಳು ಬಂದು ಸೇರಿಕೊಂಡವು. ಮತ್ತೆ ಗೋವೆಗೆ ಹೊರಟಾಗ ಹೊನ್ನಾವರದಲ್ಲಿ ತಿಮ್ಮೋಜನ ಮದುವೆಯ ಸಡಗರ ನಡೆದಿತ್ತು. ವಧು ಗೇರುಸೊಪ್ಪೆಯ ರಾಣಿಯ ಮಗಳು. ಅಲ್ಬುಕರ್ಕನು ಆ ಮದುವೆಯಲ್ಲಿ ಭಾಗವಹಿಸಿದನೆಂದು ಬ್ರಾಸನ ಗ್ರಂಥ ಹೇಳುತ್ತದೆ. ಕಡಲನಾಯಕನೊಬ್ಬನು ಅರಸುಮನೆತನದ ಅಳಿಯನಾದ ಈ ಗಳಿಗೆ ಅವನ ಬದುಕಿನ ತುತ್ತತುದಿ. ಗೇರುಸೊಪ್ಪೆಯ ಪಡೆಯನ್ನು ಕೂಡಿಸಿಕೊಂಡು ನೆಲದ ಕಡೆಯಿಂದ ಬರುವುದಾಗಿ ಅವನು ಮಾತು ಕೊಟ್ಟನು.

ಅಲ್ಬುಕರ್ಕನು ಕಾಯಲಿಲ್ಲ. ನವೆಂಬರ್ 25ರಂದು, ಸಂತ ಕ್ಯಾಥರೀನಳ ಹಬ್ಬದ ದಿನ, ಗೋವೆ ಎರಡನೆಯ ಸಲ ಬಿದ್ದಿತು. ಈ ಸಲ ಮಾತುಕತೆಯಾಗಲಿ ಕರಾರಾಗಲಿ ಇರಲಿಲ್ಲ. ನಗರದ ಮುಸ್ಲಿಮರನ್ನು ಗಂಡು, ಹೆಣ್ಣು, ಮಗು ಎನ್ನದೆ ನಾಲ್ಕು ದಿನ ಕೊಲ್ಲಲಾಯಿತು. ಸತ್ತವರು 6,000 ಎಂದು ಅಲ್ಬುಕರ್ಕನೇ ದೊರೆಗೆ ವರದಿ ಮಾಡಿದನು. ತಿಮ್ಮೋಜನು ಬಂದು ಸೇರಿದಾಗ ಎಲ್ಲ ಮುಗಿದಿತ್ತು. ಈ ತಡವನ್ನು ಪೋರ್ಚುಗೀಸ್ ಚರಿತ್ರಕಾರರು ಅವನ ನಿಷ್ಠೆಯ ಕೊರತೆಗೆ ಸಾಕ್ಷಿಯಾಗಿ ಎಣಿಸುತ್ತಾರೆ. ಮದುವೆಯೇ ಕಾರಣವಿರಬಹುದು, ಗೆದ್ದವರಿಗೆ ತನ್ನ ನೆರವಿನ ಬೆಲೆ ತಿಳಿಯಲಿ ಎಂಬ ಲೆಕ್ಕಾಚಾರವೂ ಇದ್ದಿರಬಹುದು. ಎರಡನೆಯದಾಗಿದ್ದರೆ ಲೆಕ್ಕ ತಪ್ಪಿತು. ಫೆಬ್ರುವರಿಯ ಗೋವೆ ಅವನ ಸುದ್ದಿಯಿಂದ, ಅವನ ಮಧ್ಯಸ್ಥಿಕೆಯಿಂದ ದೊರೆತದ್ದು. ನವೆಂಬರಿನ ಗೋವೆಗೆ ಅವನ ಹಂಗು ಇರಲಿಲ್ಲ.

ಇಲ್ಲಿಂದ ಮುಂದಿನದು ಇಳಿಜಾರು. ಹೊನ್ನಾವರದ ಅರಸುಮನೆತನಕ್ಕೆ ಸೇರಿದ, ಪೋರ್ಚುಗೀಸರು ಮೆಲ್ರಾವ್ ಎಂದು ಬರೆದ ಮಲ್ಹಾರರಾಯನು ಗೋವೆಯ ಭೂಮಿಗಳ ಗುತ್ತಿಗೆ ಮತ್ತು ಆಡಳಿತವನ್ನು ಪಡೆದನು. ತಿಮ್ಮೋಜನದು ಎರಡನೆಯ ಸ್ಥಾನವಾಯಿತು. 1511ರ ಏಪ್ರಿಲಿನಲ್ಲಿ ಅಲ್ಬುಕರ್ಕನು ಮಲಕ್ಕಾವನ್ನು ಹಿಡಿಯಲು ಹೊರಟುಹೋದನು. ಅವನು ಬೆನ್ನು ತಿರುಗಿಸಿದ್ದೇ ತಡ, ಆದಿಲಶಾಹಿಯ ದಂಡನಾಯಕ ಫುಲಾದ್‌ಖಾನನು ಹೊರಗಿನ ಭೂಮಿಗಳ ಮೇಲೆ ಬಿದ್ದನು. ಅವನನ್ನು ಎದುರಿಸಿದ ಮಲ್ಹಾರರಾಯ, ತಿಮ್ಮೋಜರಿಬ್ಬರೂ ಸೋತು, ದ್ವೀಪಕ್ಕೆ ಮರಳದೆ ವಿಜಯನಗರಕ್ಕೆ ಹೋದರು. ತಮ್ಮ ಸೋಲಿಗೆ ಪೋರ್ಚುಗೀಸರಿಂದ ಕ್ಷಮೆ ಸಿಗುವುದೆಂಬ ಭರವಸೆ ಇಬ್ಬರಿಗೂ ಇದ್ದಂತೆ ಕಾಣುವುದಿಲ್ಲ. ಮಲ್ಹಾರರಾಯನು ಅಣ್ಣನ ಮರಣದ ನಂತರ ಹೊನ್ನಾವರಕ್ಕೆ ಒಡೆಯನಾಗಿ ಹಿಂದಿರುಗಿದನು. ತಿಮ್ಮೋಜನು ವಿಜಯನಗರದಲ್ಲೇ ತೀರಿಕೊಂಡನು. ಹೆಂಡತಿ ಮಕ್ಕಳು ಗೋವೆಗೆ ಬಂದು ಆಶ್ರಯ ಬೇಡಿದಾಗ ಅವರ ಜೀವನಕ್ಕೆ ವ್ಯವಸ್ಥೆ ಮಾಡಲಾಯಿತೆಂದು ಪೋರ್ಚುಗೀಸ್ ಬರಹಗಳು ಕೊಂಚ ಹೆಮ್ಮೆಯಿಂದಲೇ ದಾಖಲಿಸಿವೆ.

ಅವನು ಬಯಸಿದ್ದು ಗೋವೆಯ ಕುದುರೆ ಬಿಜಾಪುರಕ್ಕೆ ಹೋಗಬಾರದು ಎಂಬುದನ್ನು. ಆದದ್ದೇನು? 1510ರಲ್ಲಿ ಅಲ್ಬುಕರ್ಕನು ಫಾದರ್ ಲೂಯಿಸ್ ಎಂಬ ಪಾದ್ರಿಯನ್ನು ಕೃಷ್ಣದೇವರಾಯನ ಬಳಿಗೆ ಕಳಿಸಿ ಕುದುರೆಗಳ ಆಸೆ ತೋರಿಸಿದನು. ಗೋವೆ ಭದ್ರವಾದ ಮೇಲೆ ಅದೇ ಆಸೆಯನ್ನು ಆದಿಲಶಾಹಿಗೂ ತೋರಿಸಲಾಯಿತು. ಇಬ್ಬರಲ್ಲಿ ಒಬ್ಬರಿಗೇ ಮಾರುವ ವರ್ತಕನಿಗಿಂತ ಇಬ್ಬರನ್ನೂ ಕಾಯಿಸುವ ವರ್ತಕನಿಗೆ ಲಾಭ ಹೆಚ್ಚು. 1520ರ ರಾಯಚೂರು ಕದನದಲ್ಲಿ ಕ್ರಿಸ್ತೊವಾವೊ ದ ಫಿಗೇರೆದೊನ ಕೋವಿಕಾರರು ಕೃಷ್ಣದೇವರಾಯನ ಕಡೆ ನಿಂತದ್ದು ಪ್ರಸಿದ್ಧವಾಗಿದೆ. ಆದಿಲಶಾಹಿಯ ಕಡೆಯೂ ಪೋರ್ಚುಗೀಸರಿದ್ದುದು ಅಷ್ಟು ಪ್ರಸಿದ್ಧವಲ್ಲ. ಕುದುರೆಗಳನ್ನು ವಿಜಯನಗರಕ್ಕೆ ಮಾತ್ರ ಮಾರಬೇಕು ಎಂಬ ಕರಾರು ಕೊನೆಗೂ ಬರಹಕ್ಕೆ ಇಳಿದದ್ದು 1547ರಲ್ಲಿ, ಗವರ್ನರ್ ಜೊವಾವೊ ದ ಕಾಸ್ಟ್ರೊನ ಕಾಲದಲ್ಲಿ. ಒಳನಾಡಿನ ಕಬ್ಬಿಣ, ಪೆಟ್ಲುಪ್ಪುಗಳನ್ನು ಅಂಕೋಲೆ, ಹೊನ್ನಾವರಗಳಿಗೆ ಇಳಿಸಿ ಪೋರ್ಚುಗೀಸರಿಗೆ ಮಾರಬೇಕೆಂಬುದೂ ಅದೇ ಒಪ್ಪಂದದಲ್ಲಿತ್ತು. ತಿಮ್ಮೋಜನ ಬದುಕಿನ ಉದ್ದೇಶ ಅವನು ಸತ್ತು ಸುಮಾರು ಮೂವತ್ತೈದು ವರ್ಷಗಳ ಮೇಲೆ, ಕಾಗದದ ಮೇಲೆ ನೆರವೇರಿತು. ಹದಿನೆಂಟು ವರ್ಷಗಳ ಬಳಿಕ ರಕ್ಕಸತಂಗಡಿಯಲ್ಲಿ ಆ ಕಾಗದಕ್ಕೂ ಅರ್ಥ ಉಳಿಯಲಿಲ್ಲ.

ಘಟ್ಟದ ಮೇಲಿನ ಸೀಮೆಗೆ ಗೋವೆಯ ಬಾಗಿಲು ಪೂರ್ತಿ ಮುಚ್ಚಲಿಲ್ಲ ಎಂಬುದನ್ನೂ ಇಲ್ಲಿ ಹೇಳಬೇಕು. ಯುದ್ಧವಿಲ್ಲದ ವರ್ಷಗಳಲ್ಲಿ ಎತ್ತಿನ ಸಾಲುಗಳು ಇಳಿಯುತ್ತಿದ್ದವು, ಹತ್ತುತ್ತಿದ್ದವು. ಸುಂಕ ಮಾತ್ರ ಬೇರೆಯವರ ಪೆಟ್ಟಿಗೆಗೆ ಬೀಳುತ್ತಿತ್ತು. ಬಿಜಾಪುರ ದಾಭೋಳ, ರಾಜಾಪುರ, ವೆಂಗುರ್ಲೆಗಳ ಕಡೆಗೆ ಹೆಚ್ಚು ವಾಲಿತು. ಆ ರೇವುಗಳಿಗೇ ಮುಂದೆ ಡಚ್ಚರೂ ಇಂಗ್ಲಿಷರೂ ಬಂದರು. ವೆಂಗುರ್ಲೆಯಲ್ಲಿ ಡಚ್ ಕೋಠಿ ತೆರೆದದ್ದು 1637ರಲ್ಲಿ. ಅಥಣಿ, ರಾಯಬಾಗಗಳ ಹೆಸರು ಯುರೋಪಿನ ಗ್ರಂಥಗಳಿಗೆ ಸೇರಿದ್ದು ಇದೇ ಕಾಲದಲ್ಲಿ ಎಂಬುದು ಆಕಸ್ಮಿಕವಲ್ಲ.

ಸರಕಿನೊಂದಿಗೆ ಬೇರೆಯವೂ ಘಟ್ಟ ಹತ್ತಿದವು. ಅಮೆರಿಕದ ಗಿಡವಾದ ತಂಬಾಕು ಪೋರ್ಚುಗೀಸರ ಮೂಲಕ ಬಂದು ಬಿಜಾಪುರದಲ್ಲಿ ಎಷ್ಟು ಬೇಗ ಬೇರೂರಿತೆಂದರೆ, 1604ರ ಸುಮಾರಿಗೆ ಅಲ್ಲಿಗೆ ರಾಯಭಾರಿಯಾಗಿ ಹೋಗಿದ್ದ ಅಸದ್ ಬೇಗನು ಅದನ್ನು ಹೊಸ ವಸ್ತುವೆಂದು ಅಕ್ಬರನ ಆಸ್ಥಾನಕ್ಕೆ ಒಯ್ದು ತೋರಿಸಿದನು. ನಿಪ್ಪಾಣಿಯ ಪೇಟೆ ಮುಂದೆ ತಂಬಾಕಿಗೇ ಹೆಸರಾಯಿತು. ಕರಾವಳಿಯ ಕಾಳುಮೆಣಸನ್ನು ಹುಡುಕಿ ಬಂದವರು ತಂದ ಮೆಣಸಿನಕಾಯಿ ಆ ಮೆಣಸಿನ ಹೆಸರನ್ನೂ ಅದರ ಅಡುಗೆಮನೆಯ ಸ್ಥಾನವನ್ನೂ ಕಿತ್ತುಕೊಂಡಿತು. ಪಗಾರ, ಚಾವಿ, ಲಿಲಾವು, ಬಟಾಟಿ ಎಂಬ ಪೋರ್ಚುಗೀಸ್ ಮೂಲದ ಮಾತುಗಳು ಕೊಂಕಣಿ, ಮರಾಠಿಗಳ ಮೂಲಕ ಬೆಳಗಾವಿ ಸೀಮೆಯ ಕನ್ನಡಕ್ಕೆ ಇಳಿದು ಮನೆಮಾತಾದವು. ಇವುಗಳಲ್ಲಿ ಮೂರು ದುಡ್ಡು, ಬೀಗ, ಹರಾಜುಗಳಿಗೆ ಸಂಬಂಧಿಸಿದವು ಎಂಬುದು ಗಮನಾರ್ಹ.

ವಿಜಯನಗರ ಕುಸಿದ ನಾಲ್ಕು ವರ್ಷಕ್ಕೆ, 1569ರಲ್ಲಿ, ವೈಸರಾಯ್ ಲೂಯಿಸ್ ದ ಅತಾಯಿದೆ ಹೊನ್ನಾವರದ ಮೇಲೆ ಬಿದ್ದನು. ಆಗ ಗೇರುಸೊಪ್ಪೆಯಲ್ಲಿ ಆಳುತ್ತಿದ್ದವಳು ಪೋರ್ಚುಗೀಸರು ಮೆಣಸಿನ ರಾಣಿಯೆಂದು ಕರೆದ ಚೆನ್ನಭೈರಾದೇವಿ, ತಿಮ್ಮೋಜನು ಅಳಿಯನಾಗಿ ಹೋದ ಮನೆತನದ ಪರಂಪರೆಯವಳು. ಊರನ್ನು ಹಿಡಿದು, ಶರಾವತಿ ಕಡಲು ಸೇರುವ ಕಡೆ, ತಿಮ್ಮೋಜನ ಹಡಗುಗಳು ಲಂಗರು ಹಾಕುತ್ತಿದ್ದ ನೀರಿನ ಮೇಲೆ ಕಣ್ಣಿಡಲು ಕೋಟೆ ಕಟ್ಟಿಸಲಾಯಿತು. ಕೆಳದಿಯ ನಾಯಕರು ಕಸಿದುಕೊಳ್ಳುವವರೆಗೆ, ಅಂದರೆ 17ನೆಯ ಶತಮಾನದ ನಡುವಿನವರೆಗೆ, ಘಟ್ಟದ ಮೆಣಸು ಆ ಕೋಟೆಯ ತೂಕದ ಕಟ್ಟೆಯನ್ನು ದಾಟಿಯೇ ಕಡಲಿಗೆ ಇಳಿಯಬೇಕಾಗಿತ್ತು.